ಸುಮಿತ್ರ ಹೋದಳೇ, ಉಳಿದಳೇ?

ಹನ್ನೊಂದು ವರ್ಷದ ಹಿಂದಿನ ಧಾರಾವಾಹಿಯನ್ನು ದೂರದರ್ಶನದವರು ಮಧ್ಯಾಹ್ನದ ಹೊತ್ತು ಮತ್ತೆ ಹಾಕುತ್ತಾರೆಂದು ತಿಳಿದ ದಿನವೇ ಮುನಿರತ್ನಮ್ಮ ಹಟ ಹಿಡಿದಳು. ಈ ಸಲ ಕೊನೆಯ ಕಂತನ್ನು ನೋಡದೆ ಬಿಡುವುದಿಲ್ಲ. ಬಂಗಾರಪೇಟೆಯ ಬಜಾರಿನಲ್ಲಿದ್ದ ತನ್ನ ಹೊಲಿಗೆ ಅಂಗಡಿಗೆ ಮನೆಯ ಟೀವಿಯನ್ನೇ ಹೊತ್ತು ತಂದಿಟ್ಟಳು. ಮೂರು ಗಂಟೆಯಾದರೆ ಎರಡು ಮಿಷನ್ನುಗಳೂ ನಿಲ್ಲುತ್ತಿದ್ದವು. ಗಂಡ ಹೊಡೆದು ಹೊರಗೆ ಹಾಕಿದ ಮೇಲೆ ನಾಲ್ಕು ತಿಂಗಳಿಂದ ಅವಳ ಹತ್ತಿರ ಹೊಲಿಗೆ ಕಲಿಯುತ್ತಿದ್ದ ಪಾಪಕ್ಕನೂ ಪಕ್ಕದಲ್ಲಿ ಕೂತು ನೋಡುತ್ತಿದ್ದಳು.

ಮೊದಲ ಸಲ ಇದು ಬಂದಾಗ ಮುನಿರತ್ನಮ್ಮ ಕೆಜಿಎಫ್‌ನ ನಂದಿದುರ್ಗ ಗಣಿಯ ಲೈನು ಮನೆಯಲ್ಲಿದ್ದಳು. ಪಕ್ಕದ ಮನೆಯ ವರಲಕ್ಷ್ಮಮ್ಮನ ಕಪ್ಪು ಬಿಳುಪು ಟೀವಿಯ ಮುಂದೆ ಭಾನುವಾರ ಸಂಜೆ ಇಡೀ ಸಾಲಿನ ಹೆಂಗಸರು ಸೇರುತ್ತಿದ್ದರು. ಧಾರಾವಾಹಿಯ ಸುಮಿತ್ರ ಎಳೆಯ ವಿಧವೆ. ತನ್ನ ದುಡಿಮೆಯಲ್ಲೇ ಮಗುವನ್ನು ಸಾಕುತ್ತೇನೆಂದು ಊರನ್ನೇ ಎದುರು ಹಾಕಿಕೊಂಡವಳು. ಕಥೆ ಮುಗಿಯಲು ಎರಡು ವಾರವಿದ್ದಾಗ ಮುನಿರತ್ನಮ್ಮನ ಗಂಡ ವೆಂಕಟೇಶಪ್ಪ ಕಾಮಾಲೆಯಿಂದ ತೀರಿಕೊಂಡ. ಸೂತಕದಲ್ಲಿ ಅವಳು ಕೊನೆಯ ಕಂತುಗಳನ್ನು ನೋಡಲಿಲ್ಲ. ತಿಂಗಳ ಮೇಲೆ ಭಾವ ಬಚ್ಚಪ್ಪ ಕಾಮಸಮುದ್ರದ ಕಡೆಯ ಊರಿನಿಂದ ಬಂದು, "ನಡಿಯಮ್ಮ, ಮಗೂನ್ ಎತ್ಕೊ. ನಮ್ಮ ಮನೇಲಿ ಕೆಲ್ಸ ಮಾಡ್ಕೊಂಡು ಬಿದ್ದಿರು" ಎಂದ. ಅವಳು ಬಟ್ಟೆಯನ್ನೆಲ್ಲ ಟ್ರಂಕಿಗೆ ತುಂಬಿದಳು. ಹೊರಡುವ ಮೊದಲು, ಬಾಗಿಲಲ್ಲೇ ನಿಂತು ವರಲಕ್ಷ್ಮಮ್ಮನನ್ನು ಕೇಳಿದ್ದಳು: ಸುಮಿತ್ರ ಏನು ಮಾಡಿದಳು, ಮೈದುನ ಕರೆದಾಗ ಹೋದಳೇ, ಉಳಿದಳೇ?

"ಓಗ್ಲಿಲ್ಲ ಕಣೆ. ಬಾಗ್ಲು ಹಾಕ್ಕೊಂಡು ಅಲ್ಲೇ ಉಳ್ಕೊಂಡ್ಲು" ಎಂದಿದ್ದಳು ವರಲಕ್ಷ್ಮಮ್ಮ.

ಮುನಿರತ್ನಮ್ಮ ಹೋಗಲಿಲ್ಲ. ವರಲಕ್ಷ್ಮಮ್ಮನ ಮನೆಯಲ್ಲೇ ಮೂರು ತಿಂಗಳಿದ್ದು ಹೊಲಿಗೆ ಕಲಿತಳು. ಬಂಗಾರಪೇಟೆಗೆ ಬಂದು ಸ್ಟೇಷನ್ ಹಿಂದಿನ ಕೋಣೆಯೊಂದರಲ್ಲಿ ಲಂಗ ಹೊಲಿಯಲು ಕೂತಳು. ಈಗ ಮಗಳು ಹೈಸ್ಕೂಲಿಗೆ ಹೋಗುತ್ತಿದ್ದಳು.

ಕೊನೆಯ ಕಂತಿನ ದಿನ ಕರೆಂಟೂ ಹೋಗಲಿಲ್ಲ, ಗಿರಾಕಿಗಳೂ ಬರಲಿಲ್ಲ. ಸುಮಿತ್ರಳ ಮೈದುನ ಗಾಡಿ ಕಟ್ಟಿಕೊಂಡು ಬಂದ. ಸುಮಿತ್ರ ಮನೆಯ ಒಳಗೆಲ್ಲ ಒಮ್ಮೆ ನೋಡಿದಳು. ಮಗುವನ್ನೆತ್ತಿಕೊಂಡು, ಸೆರಗು ಹೊದ್ದು, ಗಾಡಿ ಹತ್ತಿದಳು. ಶಹನಾಯಿಯ ಸಂಗೀತ ಬಂತು, ಹೆಸರುಗಳು ಬಂದವು.

"ಓಗ್ಬಿಟ್ಲಲ್ಲಕ್ಕ!" ಎಂದಳು ಪಾಪಕ್ಕ ಸಣ್ಣ ದನಿಯಲ್ಲಿ.

ಮುನಿರತ್ನಮ್ಮ ಎದ್ದು ಟೀವಿ ಆರಿಸಿದಳು. ಕತ್ತಿನಲ್ಲಿ ಅಳತೆಯ ಟೇಪು ನೇತಾಡುತ್ತಿದ್ದಂತೆಯೇ ಕೆಜಿಎಫ್‌ ಕಡೆ ಹೋಗುವ ಮಾರಿಕುಪ್ಪಂ ರೈಲು ಹತ್ತಿದಳು.

ವರಲಕ್ಷ್ಮಮ್ಮ ಲೈನು ಮನೆಯ ಮುಂದೆ ಕೂತು ಅಕ್ಕಿ ಆರಿಸುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಅಕ್ಕಾ, ಸುಮಿತ್ರ ಓಗ್ಬಿಟ್ಲು."

ಮುದುಕಿಯ ಕೈ ಮೊರದ ಮೇಲೇ ನಿಂತಿತು. "ನೋಡ್ಬಿಟ್ಯಾ?"

"ನಂಗ್ಯಾಕೆ ಸುಳ್ ಏಳ್ದೆ?"

"ಇನ್ನೇನ್ ಏಳ್ಲಿ? ಟ್ರಂಕು ಕಟ್ಕೊಂಡು ನಿಂತಿದ್ದೆ. ಓದ್ಲು ಅಂದಿದ್ರೆ ನೀನೂ ಓಗ್ತಿದ್ದೆ. ಅವನ ಮನೆಯಾಗೆ ಸಗಣಿ ಬಾಚ್ಕೊಂಡು ಸಾಯ್ತಿದ್ದೆ."

"ಅನ್ನೊಂದು ವರ್ಷ, ಕಷ್ಟ ಬಂದಾಗೆಲ್ಲ ಅವಳನ್ನ ನೆನಸ್ಕೊಂಡಿದ್ದೀನಿ ಅಕ್ಕ! ಅವಳು ಇದ್ಲಲ್ಲ, ನಾನೂ ಇರ್ತೀನಿ ಅಂತ."

"ಅವಳು ಇರ್ಲಿಲ್ಲ. ನೀನು ಇದ್ದೆ. ಅಷ್ಟೇ ತಾನೆ?"

ಮುನಿರತ್ನಮ್ಮನಿಗೆ ಅಳು ಬಂತು, ಸಿಟ್ಟೂ ಬಂತು. ಚಿಕ್ಕ ಮಗುವಿಗೆ ಹೇಳುವ ಹಾಗೆ ತನಗೆ ಕಥೆ ಹೇಳಿದಳಲ್ಲ ಎನ್ನಿಸಿತು. ಆದರೆ ಆ ಮೂರು ತಿಂಗಳು ತನಗೂ ಮಗುವಿಗೂ ಊಟಕ್ಕಿಟ್ಟವಳೂ ಇವಳೇ. ಪಕ್ಕದಲ್ಲಿ ಕೂತು ಮೊರದ ಅರ್ಧ ಅಕ್ಕಿಯನ್ನು ತಾನೂ ಆರಿಸಿಕೊಟ್ಟಳು. ಸಂಜೆಯ ಗಾಡಿಗೆ ಹಿಂತಿರುಗಿದಳು.

ಬೆಳಗ್ಗೆ ಅಂಗಡಿಗೆ ಬಂದಾಗ ಪಾಪಕ್ಕ ಮೆಟ್ಟಿಲ ಮೇಲೆ ಬಟ್ಟೆಯ ಚೀಲ ಇಟ್ಟುಕೊಂಡು ಕೂತಿದ್ದಳು.

"ಭಾವ ಬತ್ತಾ ಅವ್ನೆ ಅಕ್ಕ, ಕರ್ಕೊಂಡು ಓಗಕ್ಕೆ. ಬೇಡ ಅಂತಿದ್ದೆ. ನೆನ್ನೆ ಅದು ನೋಡಿದ್ಮೇಲೆ… ಅಂಥವಳೇ ಓದ್ಲು. ನಂದೇನು?"

ಏನಾದರೊಂದು ಸುಳ್ಳು ಹೇಳಿ ನಿಲ್ಲಿಸೋಣವೆಂದರೆ ಪಾಪಕ್ಕ ತನ್ನ ಕಣ್ಣಾರೆ ನೋಡಿಬಿಟ್ಟಿದ್ದಳು. ಮುನಿರತ್ನಮ್ಮ ಅವಳ ಪಕ್ಕದಲ್ಲೇ ಕೂತು ಎಲ್ಲವನ್ನೂ ಹೇಳಿದಳು: ಟ್ರಂಕಿಗೆ ಬಟ್ಟೆ ತುಂಬಿದ್ದು, ವರಲಕ್ಷ್ಮಮ್ಮ ಸುಳ್ಳು ಹೇಳಿದ್ದು, ಸ್ಟೇಷನ್ ಹಿಂದಿನ ಕೋಣೆಯಲ್ಲಿ ಮಗಳಿಗೆ ಜ್ವರ ಬಂದಾಗ ಒಬ್ಬಳೇ ಹೆದರಿದ್ದು.

"ಸುಮಿತ್ರನ್ನ ಯಾರೋ ಬರೆದ್ರು, ಅವ್ರು ಓಗು ಅಂದ್ರು, ಓದ್ಲು. ನಿನ್ನ ಯಾರೂ ಬರೀತಿಲ್ಲ ಪಾಪಕ್ಕ. ಓಗ್ಬೇಕು ಅನ್ಸಿದ್ರೆ ಓಗು, ನಾನು ತಡೆಯಲ್ಲ. ಬೇಡ ಅಂದ್ರೆ ಬೇಡ ಅಂತ ನಿನ್ನ ಬಾಯಲ್ಲೇ ಏಳು. ನಾನು ಪಕ್ಕದಾಗೆ ನಿಂತಿರ್ತೀನಿ."

ಹತ್ತು ಗಂಟೆಗೆ ಅವಳ ಭಾವ ಬಂದ. ಬಜಾರಿಗೆಲ್ಲ ಕೇಳುವ ಹಾಗೆ, "ಏಳು, ಬಸ್ಸಿಗೆ ಒತ್ತಾಯ್ತು" ಎಂದ. ಪಾಪಕ್ಕ ಎದ್ದು ನಿಂತಳು. ಮುನಿರತ್ನಮ್ಮ ಬಾಗಿಲ ಮುಂದೆ ಅವಳ ಪಕ್ಕದಲ್ಲೇ ನಿಂತಳು. ಕೈ ಹಿಡಿಯಲಿಲ್ಲ, ಕಾದಳು.

"ನಾನು ಬರಲ್ಲ ಭಾವ."

"ಏನಂದೆ?"

"ಬರಲ್ಲ. ಓಗಿ ನಿಮ್ಮ ತಮ್ಮನಿಗೆ ಏಳಿ."

ಅವನು ಮುನಿರತ್ನಮ್ಮನ ಕಡೆ ತಿರುಗಿ, "ಎಲ್ಲಾ ನಿಂದೇ ಕಿತಾಪತಿ" ಎಂದು ಕೂಗಾಡಿದ. ಅವಳು ಬಾಗಿಲ ಮುಂದಿನಿಂದ ಅಲುಗಲಿಲ್ಲ. ಪಕ್ಕದ ಅಂಗಡಿಗಳ ಜನ ಹೊರಗೆ ಬಂದು ನೋಡತೊಡಗಿದಾಗ ಬೈಯುತ್ತಲೇ ಬಸ್ ಸ್ಟ್ಯಾಂಡಿನ ಕಡೆ ಹೊರಟುಹೋದ.

ಪಾಪಕ್ಕ ಚೀಲವನ್ನು ಒಳಗಿಟ್ಟು ಮಿಷನ್ನಿಗೆ ಕೂತಳು. ಮೊದಲ ಹೊಲಿಗೆ ಸೊಟ್ಟಗೆ ಬಂತು. ಬಿಚ್ಚಿ ಮತ್ತೆ ಹಾಕಿದಳು.