ಶೇವಂತವ್ವನ ಇನ್ನೊಂದು ದನಿ

ಶೇವಂತವ್ವನಿಗೆ ಎರಡು ದನಿಗಳಿದ್ದವು. ಒಂದು ಅವಳದೇ, ಮಗ್ಗಗಳ ಸಪ್ಪಳವನ್ನು ದಾಟಿ ಕೇಳಿಸಬೇಕೆಂದು ಬನಹಟ್ಟಿಯ ಓಣಿಯ ಹೆಂಗಸರೆಲ್ಲ ಬೆಳೆಸಿಕೊಳ್ಳುವ ಎತ್ತರದ, ತುಸು ಒಡೆದ ದನಿ. ಇನ್ನೊಂದು ಅವಳು ಇಂಗ್ಲಿಷ್ ಆಡುವಾಗ ಮಾತ್ರ ಬರುತ್ತಿತ್ತು. ಅದು ಮೆತ್ತಗಿತ್ತು, ಪ್ರತಿ ಮಾತಿಗೆ ಮುನ್ನ ಉಸಿರನ್ನು ಸಣ್ಣಗೆ ಸೀಟಿಯಂತೆ ಎಳೆದುಕೊಳ್ಳುತ್ತಿತ್ತು; ಮಾತು ಮುಗಿದ ಮೇಲೆ ‘ಯೆಸ್?’ ಎಂದು ಕೇಳಿ ಕಾಯುತ್ತಿತ್ತು. ಅದನ್ನು ಮೊದಲ ಸಲ ಅವಳ ಮನೆಯಲ್ಲಿ ಕೇಳಿದಾಗ ನೆರೆಯವಳಾದ ನಾನು ಕೈಯಲ್ಲಿದ್ದ ನೀರಿನ ತಂಬಿಗೆಯನ್ನು ಕೆಳಗಿಟ್ಟುಬಿಟ್ಟೆ. ಅದು ವಂದನಾ ಟೀಚರ ದನಿ. ಅವರು ತೀರಿಕೊಂಡು ಆಗಲೇ ಏಳು ವರ್ಷವಾಗಿತ್ತು.

ಜಮಖಂಡಿಯ ಸಣ್ಣದೊಂದು ಇಂಗ್ಲಿಷ್ ಶಿಶುವಿಹಾರದಲ್ಲಿ ಶೇವಂತವ್ವ ಹತ್ತೊಂಬತ್ತು ವರ್ಷ ಆಯಾ ಆಗಿದ್ದಳು. ನನ್ನ ಮಗಳೂ ಅಲ್ಲೇ ಓದಿದ್ದು. ಬೆಳಗಿನ ಬಸ್ಸಿನಲ್ಲಿ ನಾವು ಮೂವರೂ ಜೊತೆಗೇ ಹೋಗುತ್ತಿದ್ದೆವು. ಮಂಡಿನೋವಿನಿಂದ ಒಂದು ಪಕ್ಕಕ್ಕೆ ವಾಲಿ ನಡೆಯುವ ಅವಳು, ಒದ್ದೆ ಅರಿವೆ ಹಿಡಿದು ತರಗತಿಯ ಬಾಗಿಲಿಗೆ ಆತು ನಿಂತು, ಉಬ್ಬಸವಿದ್ದ ವಂದನಾ ಟೀಚರು ಮಕ್ಕಳಿಗೆ ಹೇಳುವುದನ್ನೆಲ್ಲ ಕಣ್ಣು ಮುಚ್ಚಿ ಕೇಳುತ್ತಿದ್ದದ್ದು ನನಗೆ ಇನ್ನೂ ಕಾಣುತ್ತದೆ. ಅಕ್ಷರ ಅವಳಿಗೆ ಗೊತ್ತಿರಲಿಲ್ಲ. ಆದ್ದರಿಂದ ಇಂಗ್ಲಿಷ್ ಅವಳೊಳಗೆ ಟೀಚರ ರಾಗ, ತಡವರಿಕೆ, ದಮ್ಮಿನ ಸೆಳೆತದ ಸಮೇತ ಇಡಿಯಾಗಿ ಇಳಿದಿತ್ತು. ನಾನು ಕೇಳಿದ್ದಕ್ಕೆ, “ಬಂದಂಗ ಇಟ್ಕೊಂಡೇನ್ರಿ ಅಕ್ಕಾರ, ಒಗದು ಮಡಚಾಕ ಹೋಗಿಲ್ಲ” ಎಂದಿದ್ದಳು.

ಆ ದನಿ ಮನೆಯಲ್ಲಿ ಎದ್ದದ್ದು ಮೊಮ್ಮಗಳು ಬನಶಂಕರಿಗಾಗಿ. ಮನೆಯಲ್ಲಿ ಅಜ್ಜಿಯ ಕನ್ನಡ, ಇಚಲಕರಂಜಿ ಕಡೆಯ ಸೊಸೆ ಉಜ್ವಲಾಳ ಮರಾಠಿ, ಮಗ ಪ್ರಭುಲಿಂಗನ ಪವರ್‌ಲೂಮಿಗೆ ಬರುವ ಕೆಲಸಗಾರರ ಹಿಂದಿ. ಇಷ್ಟರ ನಡುವೆ ಹುಡುಗಿ ಮೂರೂವರೆ ವರ್ಷವಾದರೂ ಬಾಯಿ ಬಿಟ್ಟಿರಲಿಲ್ಲ. ನಾಳೆ ಇಂಗ್ಲಿಷ್ ಸಾಲಿಯಲ್ಲಿ ಇದರ ಗತಿಯೇನು ಎಂದು ಉಜ್ವಲಾ ಅಳುತ್ತಿದ್ದಳು. ಅಷ್ಟೂ ಮಾತು ಒಂದೇ ಸಂತಿಯಾಗಿ ಕೂಸಿನ ಕಿವಿಗೆ ಬಿದ್ದರೆ ಅದು ಯಾವ ಅಂಗಡಿಗೆ ಹೋಗಬೇಕು ಎಂದು ಶೇವಂತವ್ವ ಹೇಳಿದಳು. ಒಂದೊಂದು ಮಾತಿಗೆ ಒಂದೊಂದು ಜಾಗ ಇರಬೇಕು.

ಇಂಗ್ಲಿಷಿಗೆ ಅವಳು ಆರಿಸಿದ್ದು ಹಿತ್ತಲ ಕೋಣೆಯ ಮಗ್ಗದ ಕುಣಿಯನ್ನು. ಹಿಂದೆ ಅವಳ ಮಾವ ಕಾಲು ಇಳಿಬಿಟ್ಟು ಕೂತು ಸೀರೆ ನೇಯುತ್ತಿದ್ದ ಸೊಂಟದಾಳದ ತಗ್ಗು ಅದು. ಮಗ್ಗ ಮಾರಿದ ಮೇಲೆ ಖಾಲಿ ಉಳಿದಿತ್ತು. ಮಧ್ಯಾಹ್ನ ಕರೆಂಟು ಹೋಗಿ ಮಗ್ಗಗಳೆಲ್ಲ ಸುಮ್ಮನಾದಾಗ ಶೇವಂತವ್ವ ಬಳೆಗಳನ್ನು ಸದ್ದಾಗದಂತೆ ಮೇಲಕ್ಕೇರಿಸಿ ಅದರೊಳಗೆ ಇಳಿಯುತ್ತಿದ್ದಳು. ಆಗ ಅವಳ ಮುಖವೂ ನೆಲದ ಮೇಲೆ ಕೂತ ಮೊಮ್ಮಗಳ ಮುಖವೂ ಒಂದೇ ಮಟ್ಟಕ್ಕೆ ಬರುತ್ತಿದ್ದವು. ‘ಕಮ್, ಸಿಟ್ ನಿಯರ್ ಮಿ. ಯೆಸ್?’ ಎಂದು ಆ ದನಿ ಕೇಳುತ್ತಿತ್ತು. ಕುಣಿಯಲ್ಲಿ ಕನ್ನಡವಿಲ್ಲ, ಮೇಲೆ ಇಂಗ್ಲಿಷ್ ಇಲ್ಲ. ನೀರಡಿಸಿದರೂ ಈ ನೇಮವನ್ನು ಅವಳು ಮುರಿಯಲಿಲ್ಲ.

ಇಪ್ಪತ್ತೆರಡನೆಯ ದಿನ ಹುಡುಗಿ ‘ಯೆಸ್’ ಎಂದಳು. ತಿಂಗಳೊಪ್ಪತ್ತಿನಲ್ಲಿ ಅಪ್ಪನೊಡನೆ ಕನ್ನಡ, ಅವ್ವನೊಡನೆ ಮರಾಠಿ ತಾವಾಗಿ ಹರಿದವು. ನಾನು ದೇವರಿಗೆ ಎಣ್ಣೆ ಹಾಕಿ ಬಂದೆ. ಆದರೆ ಇಂಗ್ಲಿಷ್ ಆಡುವಾಗ ಆ ಎಳೆಯ ಎದೆಯೂ ಸಣ್ಣಗೆ ಸೀಟಿ ಹೊಡೆಯತೊಡಗಿತ್ತು. ಉಜ್ವಲಾ ಹೆದರಿ ಮಹಾಲಿಂಗಪುರದ ಡಾಕ್ಟರಿಗೆ ತೋರಿಸಿದಳು. ಎದೆ ಸ್ವಚ್ಛವಾಗಿದೆ, ಉಬ್ಬಸದ ಗುರುತೂ ಇಲ್ಲ ಎಂದರಂತೆ. ಒಂದು ದಿನ ಶೇವಂತವ್ವ ನನ್ನೆದುರು ಬಳ್ಳೊಳ್ಳಿ ಸುಲಿಯುತ್ತಿದ್ದಾಗಲೇ ಹಿತ್ತಲ ಕೋಣೆಯಿಂದ ವಂದನಾ ಟೀಚರು ‘ಲಿಸನ್, ಮೈ ಡಿಯರ್’ ಎಂದರು. ಎದ್ದು ನೋಡಿದೆ, ಹುಡುಗಿ ಒಬ್ಬಳೇ ಖಾಲಿ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಟೀಚರನ್ನು ಅವಳು ಕಂಡವಳಲ್ಲ.

ಶೇವಂತವ್ವನ ಸಂಕಟ ಬೇರೆಯೇ ಇತ್ತು. ಹುಡುಗಿ ಎಲ್ಲರೊಡನೆ ಮಾತಾಡುತ್ತಿದ್ದಳು, ಅಜ್ಜಿಯ ಹೊರತು. ಕುಣಿಯಲ್ಲಿದ್ದವಳ ಕೊರಳಿಗೆ ಜೋತುಬೀಳುವ ಕೂಸು, ಅದೇ ಹೆಂಗಸು ಮೇಲೆ ಬಂದು ತುತ್ತು ಹಿಡಿದರೆ ಬಾಗಿಲಲ್ಲಿ ಅಡ್ಡ ನಿಂತ ಪರಕೀಯಳನ್ನು ನೋಡುವಂತೆ ಬಗ್ಗಿ ಅವಳ ಹಿಂದೆ ಹುಡುಕುತ್ತಿತ್ತು. ಇಂಗ್ಲಿಷನ್ನು ನಿನ್ನ ದನಿಯಲ್ಲೇ ಆಡಬಾರದೇ ಎಂದು ನಾನು ಕೇಳಿದೆ. “ಆಡಿ ನೋಡೇನ್ರಿ. ನನ್ನ ದನಿಯಾಗ ಅದು ಇಲ್ಲರಿ” ಎಂದಳು.

ಮೇ ತಿಂಗಳಲ್ಲಿ ಇನ್ನೊಂದು ಪವರ್‌ಲೂಮ್ ಕೂರಿಸಲು ಪ್ರಭುಲಿಂಗ ಕುಣಿ ಮುಚ್ಚಿಸಿದ. ಉಜ್ವಲಾಳ ಒತ್ತಾಯವೂ ಇತ್ತು. “ಸಾಕ್ರಿ ಅತ್ತಿ, ಇನ್ನ ಸಾಲಿ ಕಲಿಸ್ತೈತಿ. ನನ್ನ ಮಗಳ ದನಿ ನನಗ ಕೊಡ್ರಿ” ಎಂದಿದ್ದಳು. ಸಿಮೆಂಟು ಒಣಗಿದ ಮಧ್ಯಾಹ್ನ ನಾನು ಹೋದಾಗ ಹುಡುಗಿ ಹೊಸ ನೆಲಕ್ಕೆ ಕಿವಿ ಹಚ್ಚಿ ಮಲಗಿದ್ದಳು. ಅಳು ಇರಲಿಲ್ಲ. ಬೆಳಗಿನಿಂದ ಹನಿ ನೀರು ಕುಡಿದಿಲ್ಲ ಎಂದು ಉಜ್ವಲಾ ಹೊಸ್ತಿಲಲ್ಲಿ ನಿಂತು ಹೇಳಿದಳು. ಶೇವಂತವ್ವ ಪಕ್ಕಕ್ಕೆ ಕೂತು, “ಬನು, ನಾ ಇಲ್ಲೇ ಅದೀನಿ ನೋಡವ್ವಾ” ಎಂದಳು.

“ನೀ ಸುಮ್ಕಿರು,” ಹುಡುಗಿ ಕಣ್ಣು ತೆರೆಯದೆ ಹೇಳಿದಳು. “ಆಕಿ ಮಾತಾಡಾಕತ್ತಾಳ.”

ಮಗ್ಗಗಳು ನಿಂತಿದ್ದ ಹೊತ್ತು. ಕೋಣೆಯಲ್ಲಿ ಒಂದು ನೊಣದ ಸದ್ದೂ ಇರಲಿಲ್ಲ. ಶೇವಂತವ್ವ ಬಳೆಗಳನ್ನು ಮೇಲಕ್ಕೇರಿಸಿ, ಮೊಮ್ಮಗಳಿಗೆ ಬೆನ್ನು ಮಾಡಿ ಮಲಗಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ತುಟಿಗಳನ್ನು ಸಿಮೆಂಟಿಗೆ ತಾಗಿಸಿದಳು. ಸಣ್ಣ ಸೀಟಿಯ ಉಸಿರು ಕೇಳಿಸಿತು. “ಬನು, ಮೈ ಡಿಯರ್. ಗೋ ಟು ಅಜ್ಜಿ. ಅಜ್ಜಿ ಈಸ್ ವೇಟಿಂಗ್. ಯೆಸ್?”

“ಯೆಸ್, ಮಿಸ್” ಎಂದಳು ಹುಡುಗಿ. ಎದ್ದು ಕೆನ್ನೆಯ ಧೂಳು ಒರೆಸಿಕೊಂಡು, ಯಾರೋ ಕಳಿಸಿದ ಮಗುವಿನ ವಿನಯದಿಂದ ಸುತ್ತು ಹಾಕಿ ಬಂದು, ಅಷ್ಟರಲ್ಲಿ ಎದ್ದು ಕೂತಿದ್ದ ಅಜ್ಜಿಯ ತೊಡೆಯೇರಿ ನೀರು ಬೇಡಿದಳು. ಶೇವಂತವ್ವನ ಕೈ ಆ ತಲೆಯ ಮೇಲೆ ತಾನಾಗಿ ಇಳಿಯಲು ಅಂಜುತ್ತಿತ್ತು. ಅಂದಿನಿಂದ ಅವಳ ಬಾಯಲ್ಲಿ ಇಂಗ್ಲಿಷಿನ ಒಂದು ಮಾತೂ ಬಂದಿಲ್ಲ, ನೆನೆದರೂ ಬರುವುದಿಲ್ಲವಂತೆ.

ನಮ್ಮ ಪ್ರಾರ್ಥನೆಗಳೂ ತೀರಿಹೋದ ಯಾರದೋ ಬಾಯಿಂದ ಬಂದವಲ್ಲವೇ ಎಂದು ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳುತ್ತೇನೆ. ಆದರೂ ಬಾಗಿಲಾಚೆ ನಿಂತು ಕಲಿತು, ಕಲಿತದ್ದನ್ನು ತಮ್ಮದೆನ್ನದೆ ಮಕ್ಕಳಿಗೆ ದಾಟಿಸುವ ಇಂಥವರ ದಾರಿ ಕಠಿಣವಾದದ್ದು. ಆ ಮಾತಿಗೆ ತಮ್ಮ ಬಾಯನ್ನು ಕೊಟ್ಟವರ ಮುಖವನ್ನು ಮಕ್ಕಳು ಗುರುತಿಸುವುದಿಲ್ಲ. ಸ್ವಂತ ಮೊಮ್ಮಗಳ ಅಪ್ಪುಗೆಯೂ ಅವರಿಗೆ ಇನ್ನೊಬ್ಬರ ಅಪ್ಪಣೆಯಿಂದಲೇ ಸಿಗಬೇಕಾಗುತ್ತದೆ; ಅಪ್ಪಣೆ ಎಲ್ಲಿಂದ ಬಂತೆಂದು ಕೇಳದೆ, ಅವರು ಅದನ್ನು ಎರಡೂ ಕೈಯೊಡ್ಡಿ ಪಡೆಯುತ್ತಾರೆ.