ಉಂಗುರದ ನಡುವಿನ ಕಣ

೧೯೬೩ರ ಬೇಸಿಗೆಯಲ್ಲಿ, ಚಿನ್ನದ ಗಣಿಯ ಊರಾದ ಊರಿಗಾಂನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾ, ಸಂಶೋಧನೆಗೆ ಸೇರಲು ಕೇಳಿಕೊಂಡಿದ್ದ ಮುತ್ಯಾಲಮ್ಮನಿಗೆ ಬೆಂಗಳೂರಿನ ಪ್ರಾಧ್ಯಾಪಕರೊಬ್ಬರು ಒಂದು ವಿದೇಶಿ ಲೇಖನ ಕಳಿಸಿದರು. ವಿದ್ಯುದಂಶವಿರುವ ಪರಮಾಣುವನ್ನು, ಅಂದರೆ ಅಯಾನನ್ನು, ಯಾವ ಗೋಡೆಗೂ ತಾಗದಂತೆ ಬರಿಯ ವಿದ್ಯುತ್ತಿನಿಂದಲೇ ಹಿಡಿದಿಡಬಹುದಂತೆ. ಅದೇ ಬಗೆಯಲ್ಲಿ ಅಲ್ಯುಮಿನಿಯಂ ಪುಡಿಯ ಒಂದು ಕಣವನ್ನೂ ಗಾಳಿಯಲ್ಲಿ ತೇಲುವಂತೆ ನಿಲ್ಲಿಸಬಹುದಂತೆ. 'ಅಷ್ಟು ಮಾಡಿ ಬರೆಯಿರಿ, ಸಂಶೋಧನೆಗೆ ಸೇರುವ ಮಾತು ಆಮೇಲೆ' ಎಂದು ಅವರು ಬರೆದಿದ್ದರು.

ಅವಳ ಅಣ್ಣ ಬಚ್ಚಪ್ಪ ಗಣಿಯ ಎಲೆಕ್ಟ್ರಿಷಿಯನ್. ಹಿತ್ತಾಳೆಯ ಉಂಗುರ, ಅದರ ಮೇಲೊಂದು ಕೆಳಗೊಂದು ಗುಂಡು ಬಿಲ್ಲೆ, ಎಲ್ಲವನ್ನೂ ಅವನೇ ಉಜ್ಜಿ ನುಣುಪು ಮಾಡಿ ಶಾಲೆಯ ಒಂದು ಕೋಣೆಯಲ್ಲಿ ಕಟ್ಟಿಕೊಟ್ಟ. ಸಾವಿರಾರು ವೋಲ್ಟಿನ ಕರೆಂಟು ಕೊಟ್ಟರೂ ಎರಡು ತಿಂಗಳು ಪುಡಿಯೆಲ್ಲ ಹಾರಿಹೋಗುತ್ತಿತ್ತು. ಆಗಸ್ಟಿನ ಒಂದು ಸಂಜೆ ಒಂದು ಕಣ ಉಂಗುರದ ನಡುವೆ ನಡುಗುತ್ತಾ ನಿಂತೇಬಿಟ್ಟಿತು.

"ನಿಂತೈತೆ ಕಣಣ್ಣಾ!" ಎಂದು ಅವಳು ಕೂಗಿದಳು.

ಮುಂದಿನ ಶನಿವಾರ ಬಚ್ಚಪ್ಪ ಕರೆಂಟು ಆರಿಸಿ, ಉಂಗುರದ ಸಡಿಲ ತಂತಿಯನ್ನು ಬಿಗಿಯುತ್ತಿದ್ದ. ಮುತ್ಯಾಲಮ್ಮ ತಲೆ ತಗ್ಗಿಸಿ ಲೆಕ್ಕ ಬರೆಯುತ್ತಿದ್ದಳು. ಅವನು "ಆಯ್ತಾ ಬಂತು" ಅಂದದ್ದು ಅವಳಿಗೆ "ಆಯ್ತು" ಎಂದಷ್ಟೇ ಕೇಳಿಸಿತು. ತಲೆಯೆತ್ತದೆ ಸ್ವಿಚ್ ಒತ್ತಿದಳು.

ಅವನ ಬಲಗೈಯ ಎರಡು ಬೆರಳು ಸುಟ್ಟು ಹೋದವು. ಇಸ್ತ್ರಿ ಪೆಟ್ಟಿಗೆ ರಿಪೇರಿ ಮಾಡುವಾಗ ಹೀಗಾಯಿತು ಎಂದು ಬಚ್ಚಪ್ಪ ಎಲ್ಲರಿಗೂ ಹೇಳಿದ. ಆಸ್ಪತ್ರೆಯ ಮಂಚದ ಮೇಲಿಂದ ತಂಗಿಗೆ ಪಿಸುಗುಟ್ಟಿದ: "ಅಮ್ಮಂಗೆ ಏಳಬ್ಯಾಡ ಕಣಮ್ಮಿ. ಏಳಿದ್ರೆ ಮತ್ತೆ ಆ ಕ್ವಾಣೆಗೆ ಕಾಲಿಡಾಕೆ ಬಿಡಲ್ಲ."

ತಾಯಿ ಮುನಿನಾರಾಯಣಮ್ಮ ಇಸ್ತ್ರಿ ಪೆಟ್ಟಿಗೆಯನ್ನು ಶಪಿಸುತ್ತಾ ಹಿತ್ತಲಿಗೆ ಎಸೆದಳು. ಮಗನಿಗೆ ತಾನೇ ಮುದ್ದೆ ಮುರಿದು ತಿನ್ನಿಸತೊಡಗಿದಳು. ಮುತ್ಯಾಲಮ್ಮ ಎದುರಿಗೆ ಕೂತು ಅದನ್ನು ದಿನವೂ ನೋಡುತ್ತಿದ್ದಳು. ಹತ್ತನೆಯ ದಿನ ಬಾಯಿಬಿಟ್ಟಳು.

"ಅಮ್ಮಾ, ಇಸ್ತ್ರಿ ಪೆಟ್ಟಿಗೆ ಅಲ್ಲ. ಸ್ವಿಚ್ ಆಕಿದ್ದು ನಾನು."

ತಾಯಿಯ ಕೈ ತಟ್ಟೆಯ ಮೇಲೆಯೇ ನಿಂತಿತು. ಬಚ್ಚಪ್ಪ ಏನೋ ಹೇಳಹೋದ. ಅವನ ಕಡೆ ನೋಡದೆ ತಾಯಿ ಮಗಳಿಗೆ, "ಅದೇನು ಮಾಡ್ತಿದ್ರೋ, ನಂಗೆ ತೋರ್ಸು," ಎಂದಳು.

ಮರುದಿನ ಶಾಲೆಯ ಕೋಣೆಯಲ್ಲಿ ಮುತ್ಯಾಲಮ್ಮ ಕಣವನ್ನು ನಿಲ್ಲಿಸಿದಳು. ತಾಯಿ ಭೂತಗನ್ನಡಿಗೆ ಕಣ್ಣು ಹಚ್ಚಿ ಬಹಳ ಹೊತ್ತು ನೋಡಿದಳು. ಸಾಸಿವೆಯ ಚೂರಿಗಿಂತ ಸಣ್ಣ ಬೆಳಕು.

"ಇಷ್ಟಕ್ಕೇನಾ?" ಎಂದಳು.

ಪರಮಾಣುವನ್ನು ಹೀಗೆ ಹಿಡಿದರೆ ಕಾಲವನ್ನೇ ಕರಾರುವಾಕ್ಕಾಗಿ ಅಳೆಯಬಹುದು ಎಂದು ಹೇಳಬೇಕೆಂದುಕೊಂಡಿದ್ದ ಮಗಳು ಕರೆಂಟು ಆರಿಸಿದಳು.

ಮೂರು ವಾರ ತಾಯಿ ಅವಳೊಡನೆ ಮಾತಾಡಲಿಲ್ಲ. ಗಣಿಯವರು ಬಚ್ಚಪ್ಪನನ್ನು ತಂತಿ ಕೆಲಸದಿಂದ ಬಿಡಿಸಿ, ಗಣಿಗೆ ಇಳಿಯುವವರಿಗೆ ದೀಪ ಕೊಡುವ ಕೋಣೆಗೆ ಹಾಕಿದರು. ಮುತ್ಯಾಲಮ್ಮ ಉಪಕರಣಕ್ಕೆ ಮುಚ್ಚಳವಿಟ್ಟು, ಅದನ್ನು ತೆಗೆದೊಡನೆ ಕರೆಂಟು ತಾನಾಗಿ ಕಡಿಯುವಂತೆ ಮತ್ತೆ ಕಟ್ಟಿದಳು. ಪ್ರಾಧ್ಯಾಪಕರಿಗೆ ಅಳತೆಗಳ ಜೊತೆ ಅಣ್ಣನ ಹೆಸರನ್ನೂ ತನ್ನ ತಪ್ಪನ್ನೂ ಮುಚ್ಚಿಡದೆ ಬರೆದಳು. ಜನವರಿಯಲ್ಲಿ ಬಂದು ಸೇರಿಕೊಳ್ಳಿ ಎಂದು ಉತ್ತರ ಬಂತು.

ಬಚ್ಚಪ್ಪನೇ ಅದನ್ನು ತಾಯಿಗೆ ಓದಿ ಹೇಳಿದ. "ಓಗ್ಲಿ ಬಿಡಮ್ಮ," ಎಂದ.

"ಓಗಬ್ಯಾಡ ಅಂದ್ನಾ ನಾನು?" ಎಂದಳು ತಾಯಿ, ಗೋಡೆಯ ಕಡೆ ತಿರುಗಿಕೊಂಡೇ.

ಮುತ್ಯಾಲಮ್ಮ ಬೆಂಗಳೂರಿಗೆ ಹೋಗಿ ಸೇರಿದಳು. ಅವಳು ರೈಲು ಹತ್ತಿದ ಬಂಗಾರಪೇಟೆ ಸ್ಟೇಷನ್ನಿಗೆ ತಾಯಿ ಬರಲಿಲ್ಲ.