ಹಿಡಿದುಕೊಂಡವನ ಹೆಸರು

ಕುರುಗೋಡಿನ ಆ ಮನೆಯಲ್ಲಿ ಬೆಳಗ್ಗೆ ಮಂಡಕ್ಕಿ ಒಗ್ಗಾಣಿಗೆ ಒಗ್ಗರಣೆ ಹಾಕುವ ಮೊದಲು ಶೀಲಾ ಮಗಳನ್ನು ಹಿತ್ತಲಿಗೆ ಕರೆದೊಯ್ದು ಕೂರಿಸುತ್ತಿದ್ದಳು. ಏಳು ವರ್ಷದ ಶಾಂಭವಿಗೆ ಎಣ್ಣೆ ಸಿಡಿಯುವ ಸದ್ದು, ಮಿಕ್ಸಿಯ ಸದ್ದು ಕೇಳಿದರೆ ಸಾಕು, ಕಿವಿ ಮುಚ್ಚಿಕೊಂಡು ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಮಾತು ಬಂದಿರಲಿಲ್ಲ. ಬೇವಿನ ಮರದ ಕೆಳಗೆ ಬಿಟ್ಟರೆ ಮಾತ್ರ ಉದುರಿದ ಎಲೆ ಆಯುತ್ತ ತಾಸುಗಟ್ಟಲೆ ನೆಮ್ಮದಿಯಾಗಿರುತ್ತಿದ್ದಳು.

ಅವಳ ತಂದೆ ಚನ್ನಬಸವರಾಜ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನರಮಂಡಲದ ಪಾಠವನ್ನು ಅವನಷ್ಟು ಚೆನ್ನಾಗಿ ಯಾರೂ ಹೇಳಿಕೊಡುವುದಿಲ್ಲವೆಂದು ಊರಲ್ಲಿ ಹೆಸರಿತ್ತು. ಆದರೆ ನೆಂಟರು ಬಂದಾಗಲೆಲ್ಲ ತನ್ನ ತಾಯಿ ವೀರಭದ್ರಮ್ಮ ಮಗುವನ್ನು ಹಿಂದಿನ ಕೋಣೆಗೆ ತಳ್ಳಿ ಚಿಲಕ ಹಾಕುವುದನ್ನು ಅವನು ಒಮ್ಮೆಯೂ ತಡೆದವನಲ್ಲ.

ಒಂದು ದಿನ ವೀರಭದ್ರಮ್ಮ ಹೊಸ ಸುದ್ದಿ ತಂದಳು.

"ಬಸಣ್ಣ, ಪಾಲಯ್ಯ ಅಂತ ಒಬ್ಬಾತ ಅದಾನಂತ. ಕಬ್ಬಿಣ ಕಾಸಿ ಹೊಟ್ಟಿ ಮ್ಯಾಲ ಎರಡು ಬರಿ ಎಳದ್ರ ಮಾತು ಬರ್ತಾವಂತ."

"ಅವ್ವಾ, ಇದು ಮೆದುಳಿನ ವಿಷಯ. ಹೊಟ್ಟಿ ಸುಟ್ರ ಏನಾಗ್ತೈತಿ?"

"ಏಳು ವರ್ಷ ಡಾಕ್ಟರ ಹಿಂದ ಅಡ್ಡಾಡಿ ನೀ ಏನ್ ತಂದಿ? ನಿನಗೂ ಸಣ್ಣಾಂವಿದ್ದಾಗ ಬರಿ ಹಾಕ್ಸೀನಿ. ಸತ್ತೇನು? ಮಾಸ್ತರಾಗಿ ಕುಂತಿ."

"ನನ್ನ ಕೂಸಿಗೆ ಬೆಂಕಿ ತಾಗ್ಸಾಕ ಬಿಡಂಗಿಲ್ಲ, ಅತ್ತಿ" ಎಂದಳು ಶೀಲಾ.

ವೀರಭದ್ರಮ್ಮ ಊಟ ಬಿಟ್ಟಳು. ಎರಡು ದಿನ ತಟ್ಟೆ ಮುಟ್ಟಲಿಲ್ಲ. ಮೂರನೆಯ ದಿನಕ್ಕೆ ಚನ್ನಬಸವರಾಜ ಸೋತ. ತಾಯಿಗೆ ಏನಾದರೂ ಆದೀತೆಂಬ ಭಯವೆಂದು ತನಗೆ ತಾನೇ ಹೇಳಿಕೊಂಡ. ಆದರೆ ಒಳಗೆ ಇನ್ನೊಂದು ಆಸೆಯೂ ಇತ್ತು: ಯಾರಿಗೆ ಗೊತ್ತು, ಮಾತು ಬಂದೇಬಿಟ್ಟರೆ? ಆ ಆಸೆಗೆ ಅವನಿಗೇ ನಾಚಿಕೆಯಾಗುತ್ತಿತ್ತು.

ಶೀಲಾ ಮದುವೆಯೊಂದಕ್ಕೆಂದು ಸಿರಿಗೇರಿಗೆ ಹೋದ ಭಾನುವಾರ ಅವನು ಮಗಳನ್ನು ಬೈಕಿನ ಮುಂದೆ ಕೂರಿಸಿಕೊಂಡು ಪಾಲಯ್ಯನಲ್ಲಿಗೆ ಹೋದ. ಕೆಂಡದಲ್ಲಿ ಕುಡುಗೋಲಿನ ತುದಿ ಕೆಂಪಾಗುತ್ತಿತ್ತು.

"ಕೈ ನೀವೇ ಹಿಡೀರಿ, ಸರ್ರ. ಬ್ಯಾರೇರು ಹಿಡದ್ರ ಕೂಸು ಹೆದರ್ತೈತಿ" ಎಂದ ಪಾಲಯ್ಯ.

ಅವನು ಹಿಡಿದುಕೊಂಡ. ಕಬ್ಬಿಣ ತಾಗುವವರೆಗೂ ಶಾಂಭವಿ ಅಪ್ಪನ ಅಂಗಿಯ ಗುಂಡಿಯನ್ನೇ ನೋಡುತ್ತ ಹಾಯಾಗಿ ಮಲಗಿದ್ದಳು. ಆಮೇಲೆ ಅವಳ ಬಾಯಿಂದ ಹೊರಟದ್ದು ಮಾತಲ್ಲ.

ಸಿರಿಗೇರಿಯಿಂದ ಮರಳಿದ ಶೀಲಾ ಮಗಳ ಹೊಟ್ಟೆಯ ಮೇಲಿನ ಬರೆಗಳನ್ನು ಕಂಡಳು; ಏನಾಯಿತೆಂದು ಕೇಳಬೇಕಾಗಿರಲಿಲ್ಲ. ಗಾಯ ಕೀವಾಯಿತು, ಜ್ವರ ಏರಿತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಡಾಕ್ಟರು ಏನಾಯಿತೆಂದು ಕೇಳಿದಾಗ ಚನ್ನಬಸವರಾಜ, "ಬಿಸಿನೀರು ಬಿತ್ರಿ" ಎಂದುಬಿಟ್ಟ. ಮಗಳ ತಲೆಯ ಹತ್ತಿರ ನಿಂತಿದ್ದ ಶೀಲಾ ಅವನತ್ತ ತಿರುಗಿ ನೋಡಿದಳು. ಅಲ್ಲಿಂದ ಮುಂದೆ ಅವಳು ಅವನೊಡನೆ ಮಾತಾಡಿದ್ದು ಉಪ್ಪು ಖಾರದ ಲೆಕ್ಕಕ್ಕಷ್ಟೇ.

ಹನ್ನೊಂದು ದಿನಗಳ ಮೇಲೆ ಮಗು ಮನೆಗೆ ಬಂತು. ಅಪ್ಪನ ಚಪ್ಪಲಿಯ ಸದ್ದಾದರೆ ಬಾಗಿಲ ಹಿಂದೆ ಸರಿದು ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳುತ್ತಿತ್ತು. ತರಗತಿಯಲ್ಲಿ ನರಗಳ ಚಿತ್ರ ಬರೆಯಲು ಹೊರಟ ಚನ್ನಬಸವರಾಜ ಸೀಮೆಸುಣ್ಣ ಕೆಳಗಿಟ್ಟು, "ನೀವೇ ಓದ್ಕೊಳ್ರಿ" ಎಂದು ಕೂತುಬಿಟ್ಟ.

ಶೀಲಾ ತಾನೇ ವಿಚಾರಿಸಿ ಸಂಘಮಿತ್ರಾಳನ್ನು ಮನೆಗೆ ಕರೆತಂದಳು. ವಿಶೇಷ ಮಕ್ಕಳಿಗೆ ಕಲಿಸುವ ಟೀಚರು ಆಕೆ.

"ಮಾತು ಬರ್ಲಾರದ ಕೂಸಿಗೆ ಎಂಥಾ ಸಾಲಿ?" ಎಂದು ವೀರಭದ್ರಮ್ಮ ಹೊಸ್ತಿಲಲ್ಲೇ ತಡೆದಳು. "ಹಿಂದಿನ ಜನ್ಮದ್ದು, ಅನುಭವಿಸ್ತೈತಿ."

"ಮಾತು ಇಲ್ಲ ಅಂದ್ರ ಮನಸಿನ್ಯಾಗ ಏನೂ ಇಲ್ಲ ಅಂತಲ್ರಿ, ಅಮ್ಮಾರ. ಹೇಳಾಕ ಬ್ಯಾರೆ ದಾರಿ ಬೇಕಾಗೈತಿ, ಅಷ್ಟ. ಅಕಿಗಿ ಏನು ಸೇರ್ತೈತಿ ಅಂತ ನೀವು ಯಾವತ್ತಾರ ನೋಡೀರೇನು?"

ಕೆಂಚನಗುಡ್ಡದ ಹೊಳೆ ದಂಡೆಯಿಂದ ತಂದ ಜೇಡಿಮಣ್ಣನ್ನು ಬೇವಿನ ಬುಡದಲ್ಲಿಟ್ಟುಕೊಂಡು ಸಂಘಮಿತ್ರಾ ಸುಮ್ಮನೆ ಕಲಸುತ್ತ ಕೂತಳು. ಮಗುವನ್ನು ಕರೆಯಲೂ ಇಲ್ಲ, ಮುಟ್ಟಲೂ ಇಲ್ಲ. ನಾಲ್ಕನೆಯ ಸಲ ಬಂದಾಗ ಶಾಂಭವಿ ತಾನಾಗಿ ಹತ್ತಿರ ಸರಿದು ಹಸಿಮಣ್ಣಿಗೆ ಅಂಗೈ ಒತ್ತಿದಳು. ಆಮೇಲೆ ಒಂದು ಎಲೆ ಒತ್ತಿ, ಎತ್ತಿ, ಮಣ್ಣಿನಲ್ಲಿ ಮೂಡಿದ ಗೆರೆಗಳನ್ನು ಬಹಳ ಹೊತ್ತು ನೋಡಿದಳು. ಎರಡು ತಿಂಗಳಲ್ಲಿ ತಲೆ ಚಚ್ಚಿಕೊಳ್ಳುವುದು ಕಡಿಮೆಯಾಯಿತು, ನಿದ್ದೆ ಹತ್ತತೊಡಗಿತು. ಮಾತು ಬರಲಿಲ್ಲ. ಬರಬೇಕೆಂದು ಸಂಘಮಿತ್ರಾ ಕಾಯಲೂ ಇಲ್ಲ.

ಜೂನಿನಲ್ಲಿ ಅವಳನ್ನು ಪ್ರಾಥಮಿಕ ಶಾಲೆಗೆ ಸೇರಿಸಿದರು. ಅಲ್ಲಿನ ಹೊಂಗೆಮರದ ಕೆಳಗೆ ಮಕ್ಕಳೆಲ್ಲ ಎಲೆ, ಬೀಜ, ಮಣ್ಣು ಇಟ್ಟುಕೊಂಡು ಲೆಕ್ಕ ಕಲಿಯುತ್ತಿದ್ದರು. ಚಿಕ್ಕದರಿಂದ ದೊಡ್ಡದಕ್ಕೆ ಎಲೆ ಜೋಡಿಸುವುದರಲ್ಲಿ ಶಾಂಭವಿಯನ್ನು ಮೀರಿಸುವವರಿರಲಿಲ್ಲ. ಚನ್ನಬಸವರಾಜ ಕಾಂಪೌಂಡಿನಾಚೆ ನಿಂತು ನೋಡಿ ಹೋಗುತ್ತಿದ್ದ. ಚಿಲಕ ಹಾಕಿದ ಕೋಣೆಯಲ್ಲಿ ಕಳೆದುಹೋದ ದಿನಗಳು ಅವನನ್ನು ಕಾಡುತ್ತಿದ್ದವು. ಬೇವಿನ ಮರ ಆಗಲೂ ಹಿತ್ತಲಲ್ಲೇ ಇತ್ತಲ್ಲ! ಕಣ್ಣಿದ್ದೂ ತಾನು ನೋಡಲಿಲ್ಲ.

ಪಾಲಕರ ಸಭೆಯ ದಿನ ಆ ಹೊಂಗೆಮರದ ಕೆಳಗೆ ಮಾರೇಶ ಎಂಬ ಕೂಲಿಯವನು ಮಗನನ್ನು ಎತ್ತಿಕೊಂಡು ಅವನ ಬಳಿ ಬಂದ.

"ಸರ್ರ, ಇವನಿಗೆ ಫಿಟ್ಸ್ ಬರ್ತಾವ. ನಾಳಿ ಪಾಲಯ್ಯನ ಕಡಿ ಬರಿ ಹಾಕ್ಸಾಕ ಹೊಂಟೀವಿ. ನಾನು ಅಂಜಿದ್ದೆ. ನೀವೂ ಮಗಳಿಗೆ ಹಾಕ್ಸೀರಂತ ಅವನೇ ಹೇಳಿದ. ವಿಜ್ಞಾನದ ಮೇಷ್ಟ್ರೇ ಹಾಕ್ಸಿದ ಮ್ಯಾಲ ನಮಗೇನು ಭಯ ಅಂದ್ಕೊಂಡೆ."

ಚನ್ನಬಸವರಾಜ ಮಾರೇಶನ ಮಗನನ್ನು ನೋಡಿದ. ತಾನು ಸುಡಿಸಿದ್ದು ಮಗಳ ಮೈಯನ್ನಷ್ಟೇ ಅಲ್ಲ. ತನ್ನ ಹೆಸರು ಹೇಳಿಕೊಂಡು ಪಾಲಯ್ಯ ಇನ್ನೆಷ್ಟು ಕೂಸುಗಳನ್ನು ಸುಟ್ಟಿದ್ದಾನೋ! ಅಷ್ಟರಲ್ಲಿ ಮಾರೇಶನ ಮಗ ಕೆಳಗಿಳಿದು ಜೇಡಿಮಣ್ಣಿನ ಹತ್ತಿರ ಹೋಗಿದ್ದ. ಶಾಂಭವಿ ತಲೆಯೆತ್ತದೆ ಒಂದು ಮುದ್ದೆ ಮಣ್ಣನ್ನು ಅವನ ಕಡೆ ಸರಿಸಿದಳು.

"ಹೋಗಬ್ಯಾಡ, ಮಾರೇಶ" ಎಂದ ಚನ್ನಬಸವರಾಜ, ಸಭೆಗೆಲ್ಲ ಕೇಳುವಂತೆ. "ನನ್ನ ಮಗಳು ಸಾಯೋ ಹಂಗಾಗಿದ್ಲು. ಕೈ ಹಿಡ್ಕೊಂಡಾಂವ ನಾನ. ಡಾಕ್ಟರ ಮುಂದ ಸುಳ್ಳು ಹೇಳ್ದಾಂವನೂ ನಾನ. ಇವತ್ತ ನಿನ್ನ ಮಗನ್ನ ಬಳ್ಳಾರಿಗೆ ಕರ್ಕೊಂಡು ಹೋಗೂಣು ನಡಿ."

ಅಂದು ಸಂಜೆ ಬಳ್ಳಾರಿಯಿಂದ ಮರಳಿ ಅವನು ತಾಯಿಗೆ ತನ್ನ ನಿರ್ಧಾರ ತಿಳಿಸಿದ. ಪಾಲಯ್ಯನ ಮೇಲೆ ದೂರು ಕೊಡುತ್ತೇನೆ ಎಂದ.

"ಪೊಲೀಸರು ನಿನ್ನೂ ಹಿಡೀತಾರ. ಮನಿ ಮಾನ ಬೀದಿಗೆ ಹಾಕ್ತೀಯೇನಲೇ?" ಎಂದು ವೀರಭದ್ರಮ್ಮ ಚೀರಿದಳು.

"ಹಿಡೀಲಿ ಬಿಡವ್ವ."

ಶೀಲಾ ಒಳಗಿನಿಂದ ಬಂದು ಚಪ್ಪಲಿ ಮೆಟ್ಟಿದಳು. "ನಾನೂ ಬರ್ತೀನಿ. ಒಬ್ಬರೇ ಹೋದ್ರ ಅರ್ಧ ಹೇಳಿ ಬರ್ತೀರಿ."

ಠಾಣೆಯಲ್ಲಿ ಮಹಿಳಾ ಎಸ್ಸೈ ಎಲ್ಲ ಕೇಳಿಸಿಕೊಂಡು ಹಾಳೆ ಎಳೆದುಕೊಂಡರು.

"ಪಾಲಯ್ಯ ಬರಿ ಹಾಕ್ದ, ಸರಿ. ಆವಾಗ ಕೂಸನ್ನ ಹಿಡ್ಕೊಂಡಿದ್ದು ಯಾರ್ರಿ?"

ಶೀಲಾ ಹಾಳೆಯ ಮೇಲೆಯೇ ಕಣ್ಣಿಟ್ಟಿದ್ದಳು. ಗಂಡನ ಕಡೆ ನೋಡಲಿಲ್ಲ.

"ನಾನ್ರಿ. ಅಕಿ ಅಪ್ಪ" ಎಂದ ಚನ್ನಬಸವರಾಜ. "ಮೊದ್ಲು ನನ್ನ ಹೆಸರು ಬರ್ಕೊಳ್ರಿ, ಮೇಡಂ. ಅವನದು ಆಮ್ಯಾಲ."